ಅಲುಗಾಡದ ಕೆಂಪು ದೋಣಿ

ಜುಲೈ ತಿಂಗಳ ಎರಡನೇ ಸೋಮವಾರ, ಬೆಳಿಗ್ಗೆ ಹತ್ತೂವರೆ. ಸಿದ್ದಾಪುರದ ಅಕ್ಕಿ ಗಿರಣಿ ಮಾಲೀಕ ಅಂದಪ್ಪನವರು ಅಲ್ಲಿನ ಗ್ರಾಮೀಣ ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಕೈಯಲ್ಲಿ ಒಂದು ಮಣ್ಣಿನ ಕುಡಿಕೆ ಇತ್ತು. ಠಾಣೆಗೆ ಜನ ಏನೇನೋ ಹಿಡಿದುಕೊಂಡು ಬರುತ್ತಾರೆ. ಒಡೆದ ಬೀಗ ತರುತ್ತಾರೆ, ಹರಿದ ಅಂಗಿ ತರುತ್ತಾರೆ, ಹೋದ ವರ್ಷ ಒಬ್ಬ ಪುಣ್ಯಾತ್ಮ ಜಗಳಕ್ಕೆ ಕಾರಣವಾದ ಹುಂಜವನ್ನೇ ಬಗಲಲ್ಲಿಟ್ಟುಕೊಂಡು ಬಂದಿದ್ದ. ಸಸಿ ಬೆಳೆಸಿಕೊಂಡು ಬಂದವರು ಇವರೇ ಮೊದಲಿಗರು.

ಕುಡಿಕೆಯನ್ನು ಅವರು ಇನ್‌ಸ್ಪೆಕ್ಟರ್ ರೇಣುಕಾದೇವಿಯವರ ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

“ಏನ್ರಿ ಇದು?”

“ಇಟಲಿ ದೇಶದ ಉಸುಕ್ರಿ ಮೇಡಂ. ಸಮುದ್ರದ ದಂಡೀದು.”

“ಇದರಾಗ ಏನೋ ಹುಟ್ಟೇತಲ್ಲ?”

“ಅದಕ್ಕ ಬಂದೀನ್ರಿ. ನಾಕು ಕಾಳು ಭತ್ತ ಹಾಕಿದ್ವಿ. ಭತ್ತಕ್ಕಿಂತ ಮೊದಲ ಜೇಕು ಹುಟ್ಟಿ ನಿಂತೈತಿ.”

ಹೆಡ್ ಕಾನ್‌ಸ್ಟೆಬಲ್ ಯಮನೂರ ಬಗ್ಗಿ ನೋಡಿದ. ಜೇಕೇ. ನಮ್ಮ ಗದ್ದೆಗಳಲ್ಲಿ ಹೆಣ್ಣುಮಕ್ಕಳ ಸೊಂಟ ಮುರಿಯುವ ಅದೇ ಕಳೆ, ಅದೇ ಮೂರು ಮೂಲೆಯ ಕಡ್ಡಿ. ಅಂದಪ್ಪನವರು ಬೆರಳಿನಿಂದ ಉಸುಕು ಕೆದರಿ ತಳದಲ್ಲಿದ್ದ ಕರಿಯ ಪುಡಿಯನ್ನೂ ತೋರಿಸಿದರು. ಭತ್ತದ ಹೊಟ್ಟು ಸುಟ್ಟ ಬೂದಿ. ಗಿರಣಿಗಳವರು ಬಾಯ್ಲರಿನಿಂದ ತೆಗೆದು ಕಾಲುವೆ ದಂಡೆಗೆ ಸುರಿಯುವಂಥದ್ದು.

“ಹುಟ್ಟಿದಾಗಿನಿಂದ ಈ ಬೂದಿ ಉಗುಳೀನ್ರಿ ನಾನು. ಇಟಲ್ಯಾಗ ಅಕ್ಕಿ ಗಿರಣಿ ಅದಾವೇನು?”

ಕಾನ್‌ಸ್ಟೆಬಲ್ ಮಾಜೀದ ಮೊಬೈಲಿನಲ್ಲಿ ಹುಡುಕಿ, “ಅದಾವ್ರಿ. ಇಟಲಿಯೊಳಗೂ ಭತ್ತ ಬೆಳೀತಾರಂತ,” ಅಂದ. ರೇಣುಕಾದೇವಿಯವರು ಅವನ ಕಡೆ ಒಮ್ಮೆ ನೋಡಿದರು. ಮಾಜೀದ ಮೊಬೈಲನ್ನು ಜೇಬಿಗಿಟ್ಟ.

ವಿಷಯ ಇಷ್ಟು. ಅಂದಪ್ಪನವರ ಬೀಗ ಕಲ್ಲೇಶ ದುಬೈಯಲ್ಲಿ ಫ್ಲ್ಯಾಟು ತಗೊಂಡ. ತಗೊಂಡು ಸುಮ್ಮನಿರಲಿಲ್ಲ. ಮದುವೆಯಲ್ಲಿ, ಸೀಮಂತದ ಕುಬಸದಲ್ಲಿ, ಕಡೆಗೆ ಸತ್ತವರ ಮಣ್ಣಿಗೆ ಹೋದಲ್ಲೂ ಅದರ ಸುದ್ದಿಯೇ. ಅಂಥ ಹೊತ್ತಿನಲ್ಲಿ ಗಿರಣಿ ಮಾಲೀಕರ ವಾಟ್ಸ್ಯಾಪ್ ಗುಂಪಿಗೆ ಯಾರೋ ಒಂದು ಚಿತ್ರ ದೂಡಿದರು. ಬಿಳಿ ಕಂಬಿಗಳ ಬಾಲ್ಕನಿ, ಆಚೆಗೆ ಸಮುದ್ರ. ಕೆಳಗೆ, ‘ಮೆಡಿಟರೇನಿಯನ್ ಸಮುದ್ರದ ದಂಡೆಯ ವಿಹಾರ ಪಟ್ಟಣ ಪೋರ್ತೊ ಮಿರೆಲ್ಲಾದಲ್ಲಿ ಅಪಾರ್ಟ್‌ಮೆಂಟ್ ಮಾರಾಟಕ್ಕಿದೆ. ಬಾಲ್ಕನಿಯಿಂದ ಪೂರ್ಣ ಸಮುದ್ರ ದರ್ಶನ’ ಎಂದಿತ್ತು. ಅದರ ಕೆಳಗೆ ಫೋನ್ ನಂಬರು.

ಅಂದಪ್ಪನವರು ಫೋನ್ ಮಾಡಿದ್ದು ಬೀಗರ ಹೊಟ್ಟೆ ಉರಿಸಲಿಕ್ಕೆ. ಆದರೆ ಸಮುದ್ರಕ್ಕೆ ಬಿದ್ದವರು ಅವರ ಹೆಂಡತಿ ವಿರೂಪಾಕ್ಷಮ್ಮ. ಏಜೆಂಟನು ವಿಡಿಯೊ ಕರೆಯಲ್ಲಿ ಬಾಲ್ಕನಿ ತೋರಿಸಿದ. ಮರುದಿನ ಆಕೆಯೇ ಕೇಳಿ ಮತ್ತೆ ನೋಡಿದರು. ಆಮೇಲೆ ದಿನಾ ಸಂಜೆ ಆರಕ್ಕೆ ದೀಪ ಹಚ್ಚಿ, ಫೋನನ್ನು ಗೋಡೆಗೆ ಆನಿಸಿ, ಸಮುದ್ರದ ಮುಂದೆ ಕೂರುವುದು ರೂಢಿಯಾಯಿತು.

“ಮುಂಗಡ ಕೊಟ್ಟೀರೇನು?” ರೇಣುಕಾದೇವಿ ಕೇಳಿದರು.

“ನಮ್ಮಾಕಿ ತನ್ನ ಬಂಗಾರದ ಡಾಬು ಕೊಟ್ಲು. ಕೊಪ್ಪಳ ರೈಲ್ವೆ ಸ್ಟೇಷನ್ನಿಗೆ ಕಂಪನಿ ಮನಿಷ್ಯಾ ಅಂತ ಒಬ್ಬ ಬಂದಿದ್ದ.”

“ಮುಖ ನೋಡಿದ್ರಿ?”

“ಮಾಸ್ಕ್ ಹಾಕಿದ್ನಲ್ರಿ.”

“ರಸೀದಿ?”

“ಕೇಳಾಕ ನಾಚಿಕಿ ಬಂತ್ರಿ. ಇಟಲಿ ಮಂದಿ ಏನಂದುಕೊಂಡಾರು.”

ಯಮನೂರ ಕೆಮ್ಮಿ ನಗೆ ನುಂಗಿದ. ಅಂದಪ್ಪನವರು ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ.

“ಡಾಬು ಹೋದ್ರ ಹೋಗ್ಲಿ ಮೇಡಂ. ಉಳದದ್ದು ಕೊಡಾಕ ಅಕಿ ತನ್ನ ತವರಿನ ಹೊಲ ಮಾರಾಕ ನಿಂತಾಳ. ನಮ್ಮೂರ ಕಾಲುವಿ ದಂಡೀ ಹೊಲ, ಅವರವ್ವ ಅಕಿಗಂತ ಬಿಟ್ಟು ಹೋಗಿದ್ದು. ಬರೋ ಸೋಮವಾರ ರಿಜಿಸ್ಟರ್ ಐತಿ. ತಗೊಳ್ಳಾವ ಲೇಔಟ್ ಮಾಡ್ತಾನಂತ. ಮಣ್ಣು ಹೊಡದು ಮುಚ್ಚಿದ ಮ್ಯಾಲ ಮುಗೀತು, ಯಾವ ಕೋರ್ಟೂ ಆ ಗದ್ದಿ ತಿರುಗಿ ಕೊಡಂಗಿಲ್ಲ.”

“ನೀವು ಬ್ಯಾಡ ಅನ್ರಲ್ಲ.”

“ಹೊಲ ಅಕಿ ಹೆಸರ್ಲೆ ಐತ್ರಿ. ನಾ ಜೇಕು ತೋರಿಸಿದ್ರ, ‘ಜೇಕು ಎಲ್ಲಿ ಬೇಕಾದಲ್ಲಿ ಹುಟ್ಟತೈತಿ’ ಅಂತಾಳ. ಹೊರಗ ಕಾರಿನ್ಯಾಗ ಕುಂತಾಳ. ಒಳಗ ಬರವಲ್ಲಳು.”

ಕೊಳ್ಳುವ ಮೊದಲು ಆ ಜಾಗದ ಹಿಡಿ ಮಣ್ಣು ತರಿಸಿ, ಕುಡಿಕೆಗೆ ಹಾಕಿ, ದೇವರ ಜಗಲಿಯ ಮೇಲಿಟ್ಟು ಭತ್ತ ಬಿತ್ತುವುದು ಅಂದಪ್ಪನವರ ಮನೆತನದ ಪದ್ಧತಿ. ಮೊಳಕೆ ಬಂದರೆ ನೆಲ ಒಲಿಯಿತು ಎಂದು ಲೆಕ್ಕ. ಜಗತ್ತಿನಲ್ಲಿ ಎಷ್ಟೋ ಜನ ಸಮುದ್ರದ ದಂಡೆಯಲ್ಲಿ ಮನೆ ಕೊಂಡಿರಬಹುದು. ಬಾಲ್ಕನಿಯ ಕೆಳಗಿನ ಉಸುಕಿನಲ್ಲಿ ಭತ್ತ ಬಿತ್ತಿ ನೋಡಿದವರು ನಮ್ಮ ಸಿದ್ದಾಪುರದವರೇ ಇರಬೇಕು.

ಭಾರತೀಯ ನ್ಯಾಯ ಸಂಹಿತೆಯ ಕಲಂ 318(4) ಮತ್ತು 319(2)ರ ಅಡಿ, ವಂಚನೆ ಮತ್ತು ವೇಷಾಂತರದ ವಂಚನೆ ಎಂದು ಎಫ್‌ಐಆರ್ ದಾಖಲಾಯಿತು. ಕುಡಿಕೆಯನ್ನು ಜಪ್ತಿ ಮಾಡಿ ಪಂಚನಾಮೆ ಬರೆದರು. ‘ಒಂದು ಜೇಕು ಸಸಿ, ಜೀವಂತ’ ಎಂದು ಯಮನೂರ ನಮೂದಿಸಿ, ಅದಕ್ಕೆ ಒಂದು ಲೋಟ ನೀರನ್ನೂ ಹಾಕಿದ.

ರೇಣುಕಾದೇವಿ ಹೊರಗೆ ಬಂದು ಕಾರಿನ ಹಿಂದಿನ ಸೀಟಿನಲ್ಲಿ ವಿರೂಪಾಕ್ಷಮ್ಮನ ಪಕ್ಕ ಕೂತರು. ಅರವತ್ತರ ಹತ್ತಿರದ ಹೆಂಗಸು. ಸೆರಗು ಬಿಗಿದುಕೊಂಡು ಎದುರಿನ ಗೋಡೆಯನ್ನೇ ನೋಡುತ್ತಿದ್ದರು.

“ಅಮ್ಮಾರ, ಏಜೆಂಟನ ಹೆಸರೇನ್ರಿ?”

“ಆಂಟೋನಿಯೊ. ಅವರಜ್ಜ ಮಂಗಳೂರವರಂತ.”

“ಮುಖ ತೋರಿಸ್ಯಾನೇನು?”

“ನಾ ಅವನ ಮುಖ ತಗೊಂಡು ಏನ್ಮಾಡ್ಲಿ? ಸಮುದ್ರ ತೋರಸ್ಯಾನ.”

“ನೀವು ಮೊದಲು ಎಂದರ ಸಮುದ್ರ ನೋಡಿದ್ರಿ?”

“ಎಲ್ಲಿ ನೋಡ್ಲಿ ಯವ್ವಾ? ಮದುವಿ ಆಗಿ ಬಂದಾಗಿನಿಂದ ಗಿರಣಿ ದೂಳು ನೋಡೀನಿ. ಕಿಟಕಿ ತಗದ್ರ ದೂಳು, ಗಂಗಾಳ ಇಟ್ರ ದೂಳು. ತವರಿನ ಹೊಲಕ್ಕ ಸೈತ ಹೋಗಿಲ್ಲ. ಸಾವ್ಕಾರ್ರ ಹೆಂಡ್ರು ಗದ್ದಿ ದಂಡಿಗೆ ನಿಲ್ಲಬಾರದಂತ. ಕೋರಿನ ಮ್ಯಾಲ ಬೆಳೆಯಾವರು ನಮ್ಮ ಪಾಲಿನ ಚೀಲ ತಂದು ಇಳಸ್ತಾರ, ಅಷ್ಟ.”

ಆಕೆ ಫೋನು ಮುಂದೆ ಹಿಡಿದರು. ಮೊಮ್ಮಗಳು ಕರೆಗಳನ್ನು ರೆಕಾರ್ಡ್ ಮಾಡುವುದನ್ನು ಕಲಿಸಿಕೊಟ್ಟಿದ್ದಳು. ರೇಣುಕಾದೇವಿ ಸಾಕ್ಷ್ಯವೆಂದು ಅರೆಗಳಿಗೆ ನೋಡಿ ಕೊಟ್ಟರಾಯಿತು ಎಂದುಕೊಂಡು ತೆಗೆದುಕೊಂಡರು. ಬೇಗ ಹಿಂದಿರುಗಿಸಲು ಆಗಲಿಲ್ಲ.

ನೀರು. ಬಾಲ್ಕನಿಯ ಕಂಬಿಗಳಾಚೆ ಬರೀ ನೀರು. ಅದು ಕ್ಯಾಲೆಂಡರಿನ ಸಮುದ್ರದಂತೆ ನೀಲಿ ಸುರಿದದ್ದಲ್ಲ. ಕಾಲ ಬುಡದಲ್ಲಿ ಕೆಮ್ಮಣ್ಣಿನ ಛಾಯೆ, ಆಮೇಲೆ ಹಸಿರು, ಆಮೇಲೆ ಬೂದಿ, ಆಮೇಲೆ ಹೆಸರಿಲ್ಲದ ಒಂದು ಬಣ್ಣ. ನೀರು ಎಲ್ಲಿ ಮುಗಿಯಿತೋ ಮುಗಿಲು ಎಲ್ಲಿ ಶುರುವಾಯಿತೋ ತಿಳಿಯದು. ದೂರದಲ್ಲಿ ಒಂದು ನಡುಗಡ್ಡೆ, ಎಡಕ್ಕೆ ಒಂದು ಕೆಂಪು ದೋಣಿ. ಅಲೆಗಳ ಸದ್ದು ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು. ಅದರ ಮೇಲೆ ಒಂದು ಗಂಡು ದನಿ, “ತಾಯೇ, ದಯಮಾಡಿ ದೃಷ್ಟಿ ಹರಿಸಿರಿ. ಸಾಗರರಾಜನು ಇಂದು ಪ್ರಶಾಂತನಾಗಿರುವನು,” ಎಂದಿತು.

“ಕನ್ನಡ ಎಷ್ಟು ಶುದ್ಧ ಐತಿ ನೋಡ್ರಿ,” ಎಂದರು ವಿರೂಪಾಕ್ಷಮ್ಮ. “ನಮ್ಮ ಮಂದಿಗೆ ಬರಂಗಿಲ್ಲ.”

“ಅಮ್ಮಾರ, ಇದು ಸುಳ್ಳಿದ್ರ?”

“ಸುಳ್ಳು ಇಷ್ಟು ಛಲೋ ಇರ್ತೈತೇನು?”

ಹದಿನೈದು ವರ್ಷದ ನೌಕರಿಯಲ್ಲಿ ಎಷ್ಟೋ ಸುಳ್ಳು ಕೇಳಿದ್ದ ರೇಣುಕಾದೇವಿ ಆ ವಿಡಿಯೊವನ್ನು ಇನ್ನೊಮ್ಮೆ ಮೊದಲಿನಿಂದ ನೋಡಿದರು. ರೆಕಾರ್ಡಿಂಗುಗಳನ್ನು ಮಾಜೀದನಿಗೆ ಕಳಿಸಿ, ಸಂಜೆಯ ಕರೆ ನಿಲ್ಲಿಸಬೇಡಿ, ಪೊಲೀಸರ ಸುದ್ದಿ ಎತ್ತಬೇಡಿ ಎಂದು ಹೇಳಿ ಇಳಿದರು.

ಮಂಗಳವಾರ ಮಾಜೀದ ವರದಿ ತಂದ. ಸಿಮ್ಮು ಯಾರದೋ ಹೆಸರಿನಲ್ಲಿತ್ತು, ಆ ವಿಳಾಸದಲ್ಲಿ ಅಂಥವರೇ ಇರಲಿಲ್ಲ. ಕರೆಗಳೆಲ್ಲ ಹೊರಟದ್ದು ಸಿದ್ದಾಪುರದ ಟವರಿನಿಂದ. ಅಂದರೆ ಸಮುದ್ರ ಗಿರಣಿಗಳ ನಡುವೆಯೇ ಎಲ್ಲೋ ಇತ್ತು. ಇಟಲಿಯ ಉಸುಕು ಬುಕ್ ಆದದ್ದು ಮಾತ್ರ ಯಲಬುರ್ಗಾದ ಒಂದು ಕೊರಿಯರ್ ಅಂಗಡಿಯಲ್ಲಿ. ಪಾಕೀಟಿನ ಮೇಲೆ ಅದು ಸ್ಪಷ್ಟವಾಗಿ ಅಚ್ಚಾಗಿತ್ತು. ಅಂದಪ್ಪನವರು ಓದಿರಲಿಲ್ಲ. ಪರದೇಶದಿಂದ ಬಂದದ್ದೆಂದು ಕಣ್ಣಿಗೊತ್ತಿಕೊಂಡು ಹರಿದಿದ್ದರು. ಅಂಗಡಿಯ ಕ್ಯಾಮೆರಾದಲ್ಲಿ ಮಾಸ್ಕಿನ, ತೆಳ್ಳನೆಯ ಮನುಷ್ಯನೊಬ್ಬ ಪಾಕೀಟು ಕೊಟ್ಟು, ಮಗುವನ್ನು ಬಿಟ್ಟು ಹೋಗುವವನ ಹಾಗೆ ಎರಡು ಸಲ ತಿರುಗಿ ನೋಡಿ ಹೋಗಿದ್ದ.

“ಫೋನ್ ಮಾಡೋದು ಸಿದ್ದಾಪುರದಾಗ, ಪಾರ್ಸೆಲ್ ಮಾಡೋದು ಯಲಬುರ್ಗಾದಾಗ,” ಎಂದ ಯಮನೂರ. “ಟವರಿನ ಸುತ್ತ ಎಷ್ಟು ಗಿರಣಿ ಅದಾವ್ರಿ ಮೇಡಂ. ಎಲ್ಲಾ ಹೊಕ್ಕು ಹುಡುಕಾಕ ಹೋದ್ರ ಸುಗ್ಗಿ ಬರ್ತೈತಿ.”

ಬುಧವಾರ ಮಧ್ಯಾಹ್ನ ಮೂವರೂ ಠಾಣೆಯ ಕಂಪ್ಯೂಟರಿನ ಮುಂದೆ ಕೂತು ಸಮುದ್ರ ನೋಡಿದರು. ಬಿಸಿಲಿನ ಸಮುದ್ರ, ಸಂಜೆಯ ಸಮುದ್ರ, ಮೋಡದ ಸಮುದ್ರ. ಚಹಾ ಆರಿತು. ದೂರು ಕೊಡಲು ಬಂದಿದ್ದ ದುರುಗವ್ವ ಎಂಬ ಮುದುಕಿ ಕಿಟಕಿಯಿಂದ ಇಣುಕಿ, ಬಂದ ಕೆಲಸ ಮರೆತು ಅಲ್ಲೇ ನಿಂತುಬಿಟ್ಟಳು. ಹೀಗೆ ಠಾಣೆಗೆ ಠಾಣೆಯೇ ಬಾಯಿ ತೆರೆದುಕೊಂಡು ಕೂತದ್ದು ಅದೇ ಮೊದಲು.

“ಆ ಕೆಂಪು ದೋಣಿ ನಿನ್ನಿನ ವಿಡಿಯೊದಾಗೂ ಅಲ್ಲೇ ಇತ್ತಲ್ಲ?” ರೇಣುಕಾದೇವಿ ಕೇಳಿದರು.

“ಲಂಗರು ಹಾಕಿರಬೇಕ್ರಿ,” ಎಂದ ಯಮನೂರ.

“ಎರಡು ತಿಂಗಳಿಂದ? ಎಲ್ಲಾ ತಗಿ ನೋಡೋಣ.”

ಮಾಜೀದ ಒಂದೊಂದಾಗಿ ತೆಗೆದ. ಬೆಳಕು ಬದಲಾಗುತ್ತಿತ್ತು. ದೋಣಿ ಮಾತ್ರ ಅದೇ ಕಂಬಿಯ ಪಕ್ಕ, ಅದೇ ಎತ್ತರದಲ್ಲಿ. ಅದನ್ನು ಹಿಗ್ಗಿಸಿದ. ಇನ್ನೂ ಹಿಗ್ಗಿಸಿದ. ದೋಣಿಗೆ ಹಾಯಿ ಇರಲಿಲ್ಲ, ತಳವಿರಲಿಲ್ಲ. ಬೆರಳಿನಿಂದ ಒತ್ತಿದ ಗುರುತಿತ್ತು. ಅದರ ನಡುವೆ ಎರಡು ಅಕ್ಕಿ ಕಾಳು ಅಂಟಿದ್ದವು.

ರೇಣುಕಾದೇವಿ ಮುಂದಕ್ಕೆ ಬಾಗಿದರು. ಚಿಕ್ಕವಳಿದ್ದಾಗ ಊರ ನಾಟಕಕ್ಕೆ ಮೊದಲೇ ಹೋಗಿ ಮುಂದಿನ ಸಾಲಿನಲ್ಲಿ ಚಾಪೆ ಹಾಸುತ್ತಿದ್ದ ಹುಡುಗಿ ಅವರು. ರಂಗದ ಪರದೆಯನ್ನು ಎತ್ತಿ ಕಟ್ಟುವ ಮೊದಲು ಕಾಯಿ ಒಡೆದು, ಬಟ್ಟೆಗೆ ಕುಂಕುಮ ಅಕ್ಷತೆ ಹಚ್ಚಿ ಕೈಮುಗಿಯುವುದನ್ನು ಎಷ್ಟು ಸಲ ನೋಡಿದ್ದರು. ಅದಿಲ್ಲದೆ ಪರದೆ ಏಳುವುದೇ ಇಲ್ಲ.

“ಇದು ದೋಣಿ ಅಲ್ಲ ಯಮನೂರ. ಕುಂಕುಮ.”

“ಸಮುದ್ರಕ್ಕ?”

“ಸಮುದ್ರ ಅಲ್ಲ. ಪರದಿ. ನಾಟಕದ ಪರದಿ.”

ಇಡೀ ಸಿದ್ದಾಪುರವನ್ನು ಇಟಲಿ ಮಾಡಿದ ಮನುಷ್ಯನಿಗೆ ಒಂದು ಬೊಟ್ಟು ಕುಂಕುಮ ಬಿಟ್ಟು ಪರದೆ ಕಟ್ಟಲು ಧೈರ್ಯ ಬಂದಿರಲಿಲ್ಲ. ಕಿಟಕಿಯಲ್ಲಿದ್ದ ದುರುಗವ್ವ, “ಪರದೇನ? ಯಪ್ಪಾ, ನಂಗ ನೀರಿನ ತಂಪು ಬಡೀತಲ್ಲೋ,” ಎಂದಳು.

ಗುರುವಾರ ಜೀಪು ಕುಷ್ಟಗಿಗೆ ಹೋಯಿತು. ಅಲ್ಲಿ ಜಿಲಾನಸಾಬ ಎಂಬ ಹಾರ್ಮೋನಿಯಂ ಮಾಸ್ತರ. ಈ ಭಾಗದ ಯಾವ ಹಳ್ಳಿಯಲ್ಲಿ ನಾಟಕವಾದರೂ ಅವರ ಪೆಟ್ಟಿಗೆಯಿಲ್ಲದೆ ನಡೆಯದು. ಎಪ್ಪತ್ತರ ಅವರು ಕನ್ನಡಕ ಒರೆಸಿಕೊಂಡು ಮೊಬೈಲು ನೋಡಿದರು. ಮತ್ತೆ ಕನ್ನಡಕ ಒರೆಸಿಕೊಂಡರು.

“ಸುಬಾನಲ್ಲಾ,” ಎಂದರು.

“ಯಾರ ಕೈ ಮಾಸ್ತರ?”

“ಗಾಳೇಶಂದು. ಯಲಬುರ್ಗಾ ಕಡೆ ಬೇವೂರಿನಾವ. ಇದನ್ನ ಬರಿ ಅಂತ ಹೇಳಿದಾವ ನಾನ.”

“ನೀವ?”

“ಹ್ಞೂಂ ರೀ. ಹೋದ ವರ್ಷ ಒಂದು ಹೊಸಾ ನಾಟಕ ಬರೆದಿದ್ದೆ. ಕಥಾನಾಯಕಿ ಪರದೇಶದಾಗ ಇರ್ತಾಳ. ಕಂಪ್ಯೂಟರ್ ಅಂಗಡ್ಯಾಗ ಒಂದು ಜಾಹೀರಾತು ತಗಸಿ ಕೊಟ್ಟೆ, ಸಮುದ್ರದ ದಂಡೀ ಮನಿ ಮಾರಾಟಕ್ಕೈತಿ ಅಂತಿತ್ತು. ಇದರಂಗ ಬರಿ ಅಂದೆ. ಮೂವತ್ತಡಿ ಪರದಿ ರೀ, ಒಂದು ಮಳಿಗಾಲ ಪೂರ್ತಿ ಬರದ. ಬರದು ಮುಗಸೋದ್ರಾಗ ಊರ ಕಮಿಟಿಯವರು, ‘ಪರದಿ ಯಾರಿಗೆ ಬೇಕು, ಎಲ್‌ಇಡಿ ತರಸ್ರಿ’ ಅಂದ್ರು. ಒಂದು ಆಟಕ್ಕೂ ಏರಲಿಲ್ಲ ಅದು.” ಮುದುಕ ತಲೆ ತಗ್ಗಿಸಿದರು. “ನಾನೂ ಪೂರ್ತಿ ಇವತ್ತ ನೋಡಿದೆ.”

“ಎಲ್ಲಿ ಅದಾನ ಈಗ?”

“ಮೂವತ್ತಡಿ ಬಟ್ಟಿ ಬಿಡಸಾಕ ಜಾಗ ಬೇಕಲ್ರಿ. ಸಿದ್ದಾಪುರದಾಗ ಬಂದ್ ಬಿದ್ದ ಗಿರಣಿ ಗೋದಾಮು ಹಿಡದಿದ್ದ, ಕಾಲುವಿ ಬಾಜೂಕ. ಏನು ಮಾಡ್ಯಾನ್ರಿ ಅವ?”

ರೇಣುಕಾದೇವಿ ಹೇಳಿದರು. ಜಿಲಾನಸಾಬರು ಮೊಬೈಲನ್ನು ಕಿವಿಗೆ ಹಿಡಿದು, “ಅಲೆ ಸದ್ದು ಹೆಂಗ ತಗದಾನ?” ಎಂದಷ್ಟೇ ಕೇಳಿದರು.

ಶುಕ್ರವಾರ ಸಂಜೆ ಕಾರ್ಯಾಚರಣೆ. ಗಾಳೇಶ ಒಳಗಿರುವುದು ಖಾತ್ರಿಯಾಗಬೇಕಾದರೆ ಆರರ ಕರೆ ಎಂದಿನಂತೆ ನಡೆಯಬೇಕಿತ್ತು. ವಿರೂಪಾಕ್ಷಮ್ಮ ಒಪ್ಪಲು ತಡಮಾಡಿದರು. ಪರದೆ, ಕುಂಕುಮ ಎಲ್ಲ ಕೇಳಿದ ಮೇಲೂ ಅವರ ಮುಖದಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು. “ಮಾಡ್ತೀನಿ. ಆದ್ರ ನಾ ನೋಡೋದು ಮುಗಿಯೋತನ ಒಳಗ ಹೋಗಬ್ಯಾಡ್ರಿ,” ಎಂದರು. ಹಾಗೆಲ್ಲ ಮಾತು ಕೊಡಲು ಬರುವುದಿಲ್ಲ ಎಂದು ರೇಣುಕಾದೇವಿ ಹೇಳಬೇಕಾಯಿತು.

ಆರಕ್ಕೆ ಕರೆ ಹೋಯಿತು. ಇಬ್ಬರು ಪಂಚರೊಂದಿಗೆ ಪೊಲೀಸರು ಗೋದಾಮಿನ ಮಗ್ಗುಲ ಬಾಗಿಲಲ್ಲಿ ನಿಂತರು. ಒಳಗಿಂದ ಅಲೆಯ ಸದ್ದು ಬರುತ್ತಿತ್ತು. ಬಾಗಿಲಿಗೆ ಅಗಳಿ ಹಾಕಿರಲಿಲ್ಲ, ಬರೀ ಮುಂದೆ ಮಾಡಿತ್ತು. ರೇಣುಕಾದೇವಿ ತಳ್ಳಿ ಒಳಗೆ ಕಾಲಿಟ್ಟರು.

ಕಾಲಿಟ್ಟವರು ಅಲ್ಲೇ ನಿಂತರು.

ಮುಂದೆ ಸಮುದ್ರ. ಮೊಬೈಲಿನಲ್ಲಿ ಅಂಗೈಯಷ್ಟಿದ್ದದ್ದು ಈಗ ಗೋದಾಮಿನ ಗೋಡೆಯಿಂದ ಗೋಡೆಗೆ, ನೆಲದಿಂದ ತೊಲೆಯವರೆಗೆ ತುಂಬಿ ನಿಂತಿತ್ತು. ಬಣ್ಣದ ಕಾಗದ ಸುತ್ತಿದ ದೀಪಗಳು ಮೇಲಿನಿಂದ ಸಂಜೆಯನ್ನು ಸುರಿಯುತ್ತಿದ್ದವು. ಏರ್ ಕೂಲರಿನ ತೇವದ ಗಾಳಿಗೆ ಬಟ್ಟೆ ಒಂದಿಷ್ಟು ಉಬ್ಬಿ ಇಳಿದಾಗ ಇಡೀ ಸಾಗರ ಉಸಿರಾಡಿತು. ಅದು ಬಟ್ಟೆಯೆಂದು ಅವರಿಗೆ ಗೊತ್ತು. ಖಾದಿ ಬಟ್ಟೆ, ಅಂಟು, ಪುಡಿ ಬಣ್ಣ. ಗೊತ್ತಿದ್ದೂ ಅವರು ಸೀರೆ ಉಟ್ಟವರು ನೀರಿಗಿಳಿಯುವಾಗ ಮಾಡುವಂತೆ ಖಾಕಿ ಪ್ಯಾಂಟನ್ನು ಮೊಣಕಾಲಿನ ಬಳಿ ತುಸು ಎತ್ತಿ ಹಿಡಿದರು. ತಮ್ಮ ಕೈ ಹೀಗೆ ಮಾಡಿತೆಂದು ತಿಳಿದು ಅವರಿಗೇ ನಾಚಿಕೆಯಾಯಿತು. ಹಿಂದೆ ಪಂಚನೊಬ್ಬ ಚಪ್ಪಲಿ ಬಿಡುತ್ತಿದ್ದ.

ಮಂಚದ ಕಂಬಿಗಳಿಗೆ ಬಿಳಿ ಬಣ್ಣ ಹೊಡೆದ ಬಾಲ್ಕನಿ. ಅದರ ಈಚೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಫೋನು. ಫೋನಿನ ಹಿಂದೆ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತ ಒಬ್ಬ ತೆಳ್ಳನೆಯ ಮನುಷ್ಯ. ಮೊರದಲ್ಲಿ ಭತ್ತದ ಕಾಳು ಹಾಕಿಕೊಂಡು ಈ ಕಡೆಯಿಂದ ಆ ಕಡೆಗೆ ಹೊರಳಿಸುತ್ತಿದ್ದ. ಅಲೆ ಬಂತು, ಅಲೆ ಹೋಯಿತು.

ಸಿದ್ದಾಪುರದ ಮನೆಯಲ್ಲಿ, ಗೋಡೆಗೆ ಆನಿಸಿದ ಫೋನಿನೊಳಗೆ ವಿರೂಪಾಕ್ಷಮ್ಮ ನೋಡುತ್ತಿದ್ದಂತೆ ಸಮುದ್ರದ ಮುಂದೆ ಖಾಕಿ ಬಟ್ಟೆಯ ಹೆಂಗಸೊಬ್ಬಳು ಬಂದು ನಿಂತಳು. ಅಲೆ ನಿಂತುಹೋಯಿತು.

“ಗಾಳೇಶ ಅಂದ್ರ ನೀವ ಏನು?”

“ಹೌದ್ರಿ.” ಆತ ಮೊರ ಕೆಳಗಿಟ್ಟ. ಓಡಲಿಲ್ಲ. “ಫೋನ್ ಮುಗಿಯೋತನ ತಡೀರಿ ಮೇಡಂ. ಅಮ್ಮಾರು ನೋಡಾಕತ್ತಾರ.”

“ಅಮ್ಮಾರಿಗೆ ಎಲ್ಲಾ ಗೊತ್ತೈತಿ.”

ಆಗ ಮಾತ್ರ ಆತ ಕುಸಿದು ಕೂತ. ಐವತ್ತು ದಾಟಿದ ಮುಖ, ಉಗುರಿನ ಸಂದಿಯಲ್ಲೆಲ್ಲ ನೀಲಿ. ಶೋಧನೆ ಶುರುವಾಯಿತು. ಬಣ್ಣದ ಡಬ್ಬಿಗಳ ನಡುವೆ ಬಟ್ಟೆಯಲ್ಲಿ ಸುತ್ತಿದ ಡಾಬು ಇದ್ದಂತೆಯೇ ಸಿಕ್ಕಿತು.

“ಇದನ್ನ ಯಾಕ ಮಾರಿಲ್ಲ?”

“ಅವರ ವಸ್ತು ನಾ ಹೆಂಗ ಮಾರ್ಲಿ?”

“ಮತ್ತ ಯಾಕ ಇಸ್ಕೊಂಡಿ?”

“ಮುಂಗಡ ಕೇಳದಿದ್ರ ಮಾರಾವ ಅಂತ ನಂಬತಿರಲಿಲ್ರಿ.”

ಯಮನೂರನ ಪೆನ್ನು ನಿಂತಿತು. ಇಂಥ ಹೇಳಿಕೆ ಅವನು ಹಿಂದೆ ಬರೆದಿರಲಿಲ್ಲ.

ಗಾಳೇಶ ಹೇಳಿದ್ದು ಹೀಗೆ. ಪರದೆ ಏರಲಿಲ್ಲವೆಂಬ ಬೇಗುದಿಯಲ್ಲಿ ಅದರ ಮುಂದೆ ಬಾಲ್ಕನಿ ಇಟ್ಟು, ಫೋಟೊ ಹೊಡೆದು, ಜಾಹೀರಾತಿನ ಸಾಲುಗಳ ಜೊತೆ ಸಂತೆಯಲ್ಲಿ ಕೊಂಡ ಸಿಮ್ಮಿನ ನಂಬರು ಹಾಕಿ ಗೆಳೆಯರಿಗೆ ಕಳಿಸಿದ. ತಮಾಷೆಗೆ. ಅದು ಯಾರ್ಯಾರ ಕೈಗೋ ದಾಟಿ ಅಂದಪ್ಪನವರ ಕರೆ ಬಂತು. ಪರದೆ ಎನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದಲ್ಲಿದ್ದ ವಿರೂಪಾಕ್ಷಮ್ಮ, “ಯಪ್ಪಾ, ಎಷ್ಟು ನೀರೋ!” ಎಂದರು.

“ನಲವತ್ತು ವರ್ಷ ಬರದೀನ್ರಿ. ಅರಮನಿ ಬರದೀನಿ, ಅಡವಿ ಬರದೀನಿ. ಭೀಮ ಬಂದ ಕೂಡ್ಲೆ ಎಲ್ಲಾರೂ ಭೀಮನ್ನ ನೋಡ್ತಾರ. ಪರದಿ ಯಾರು ನೋಡ್ತಾರ? ಈ ತಾಯಿ ದಿನಾ ಒಂದು ತಾಸು ಬರೇ ಅದನ್ನ ನೋಡಿದ್ರು. ಪರದಿ ಅಂತ ಹೆಂಗ ಹೇಳ್ಲಿ?”

“ಹೊಲ ಮಾರಾಕ ನಿಂತಿದ್ದು ಗೊತ್ತಿತ್ತೇನು?”

“ಕೊಳ್ಳಾಕ ಆಗಬಾರದು ಅಂತನ ದೊಡ್ಡ ದರ ಹೇಳಿದ್ನಿರಿ. ಹೂಂ ಅಂದ್ರು. ಏರಿಸಿದೆ. ಅದಕ್ಕೂ ಹೂಂ ಅಂದ್ರು. ಹೊಲದ ಸುದ್ದಿ ಕೇಳಿದ ಮ್ಯಾಲ ನಿದ್ದಿ ಹತ್ತಿಲ್ಲ. ಇವತ್ತ ಹೇಳಬೇಕು, ನಾಳೆ ಹೇಳಬೇಕು ಅಂತ…”

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು. ವಿರೂಪಾಕ್ಷಮ್ಮ ನೇರ ಒಳಗೆ ಬಂದರು, ಹಿಂದೆ ಅಂದಪ್ಪನವರು. “ಎಲ್ಲಿ ಆ ಲಫಂಗ?” ಎಂದು ಶುರು ಮಾಡಿದ ಅಂದಪ್ಪನವರು ಪರದೆ ಕಂಡದ್ದೇ ಎರಡು ಹೆಜ್ಜೆ ಹಿಂದೆ ಸರಿದರು. ವಿರೂಪಾಕ್ಷಮ್ಮ ಬಾಲ್ಕನಿಯ ತನಕ ನಡೆದು ಕಂಬಿ ಹಿಡಿದು ನಿಂತರು. ಆಮೇಲೆ ಗಾಳೇಶನ ಕಡೆ ತಿರುಗಿದರು.

“ಎಪ್ಪಾ, ಖರೇ ಸಮುದ್ರ ಹಿಂಗ ಇರ್ತೈತೇನು?”

“ನಾ ನೋಡಿಲ್ರಿ ತಾಯಿ.”

“ನೋಡದ ಹೆಂಗ ಬರದಿ?”

“ಜಾಹೀರಾತಿನ ಚಿತ್ರದಾಗ ಅದು ಬೆರಳಷ್ಟ ಇತ್ರಿ. ಬೆರಳು ನೋಡಿ ಮೂವತ್ತಡಿ ಹೆಂಗ ಬರೀಲಿ? ಎರಿಹೊಲದಾವ ನಾನು, ನೀರು ಕಂಡಾವಲ್ಲ.” ಆತ ಅನುಮತಿ ಕೇಳುವಂತೆ ರೇಣುಕಾದೇವಿಯವರ ಕಡೆ ನೋಡಿ, ಎದ್ದು, ಪರದೆಯ ಅಂಚನ್ನು ಸರಿಸಿ, ಹಿಂದಿನ ಬಾಗಿಲಿನ ಅಗಳಿ ತೆಗೆದ. “ಇದನ್ನ ನೋಡಿ ಬರದೆ.”

ಬಾಗಿಲಾಚೆ ನಾಟಿಗೆ ಮುಂಚಿನ ಗದ್ದೆಗಳು. ಕಾಲುವೆಗೆ ನೀರು ಬಿಟ್ಟು ವಾರವಾಗಿತ್ತು. ಬದುಗಳೆಲ್ಲ ಮುಳುಗಿ ಹೊಸ್ತಿಲಿನಿಂದ ದೂರದ ಗುಡ್ಡದವರೆಗೆ ಒಂದೇ ನೀರು. ಹತ್ತಿರದಲ್ಲಿ ಕೆಮ್ಮಣ್ಣಿನ ಛಾಯೆ, ಆಮೇಲೆ ಬೂದಿ, ಆಮೇಲೆ ಇಡೀ ಮುಗಿಲು ಇಳಿದು ಅದರಲ್ಲಿ ಮಲಗಿತ್ತು. ಪರದೆಯಲ್ಲಿ ನಡುಗಡ್ಡೆಯಾಗಿದ್ದ ಗುಡ್ಡ ಅಲ್ಲೇ ಇತ್ತು.

ವಿರೂಪಾಕ್ಷಮ್ಮ ಹೊಸ್ತಿಲ ಮೇಲೆ ನಿಂತು ಕಾಲುವೆಯ ತೂಬು ನೋಡಿದರು, ತೂಬಿನ ಪಕ್ಕದ ಒಂಟಿ ಬನ್ನಿ ಮರ ನೋಡಿದರು.

“ಇದು ನಮ್ಮವ್ವನ ಹೊಲ,” ಎಂದರು.

“ನಿಮ್ಮದೇನ್ರಿ?” ಗಾಳೇಶನ ಮುಖ ಬಿಳುಪೇರಿತು. “ನೀವು ಮಾರಾಕತ್ತಿದ್ದು… ಇದನ್ನ?”

ವಿರೂಪಾಕ್ಷಮ್ಮ ಹೊಸ್ತಿಲ ಮೇಲೆಯೇ ಕೂತು, ನೀರಿಗೆ ಕೈ ಅದ್ದಿ, ಸಣ್ಣ ಹುಡುಗಿಯ ಹಾಗೆ ಅತ್ತರು.

ಸಂಜೆ ಏಳಕ್ಕೆ ಗಾಳೇಶನ ಬಂಧನ ದಾಖಲಾಯಿತು. ಪರದೆಯನ್ನು ಇಳಿಸಿ ಮಡಚಿ ಜಪ್ತಿ ಮಾಡಿದರು. ಜಪ್ತಿ ಸಾಮಾನಿಡುವ ಮುದ್ದೆಮಾಲಿನ ಕೋಣೆಗೆ ಅದು ಹಿಡಿಸಲಿಲ್ಲ. ಠಾಣೆಯ ಪಡಸಾಲೆಯಲ್ಲಿ, ಬೆಂಚುಗಳನ್ನು ಸರಿಸಿ ಇಟ್ಟರು.

ಶನಿವಾರ ಬೆಳಿಗ್ಗೆ ಆತನನ್ನು ಗಂಗಾವತಿಯ ನ್ಯಾಯಾಲಯಕ್ಕೆ ಹಾಜರುಪಡಿಸಲು ಜೀಪು ಕಾಲುವೆ ರಸ್ತೆ ಹಿಡಿಯಿತು. ವಂಚನೆ ವಂಚನೆಯೇ, ಕಾನೂನಿಗೆ ಚಿತ್ರ ಚೆನ್ನಾಗಿದೆಯೋ ಇಲ್ಲವೋ ಬೇಕಿಲ್ಲ. ತೂಬಿನ ಹತ್ತಿರ ಬಂದಾಗ ಗಾಳೇಶ, “ಒಂದು ಸ್ವಲ್ಪ ನಿಲ್ಲಸ್ರಿ ಮೇಡಂ,” ಎಂದ. ರೇಣುಕಾದೇವಿ ಯಮನೂರನಿಗೆ ಸನ್ನೆ ಮಾಡಿದರು.

ಏರಿಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ವಿರೂಪಾಕ್ಷಮ್ಮ, ನೀರಿನ ಕಡೆ ಮುಖ ಮಾಡಿ. ಪಕ್ಕದಲ್ಲಿ ಅಂದಪ್ಪನವರು ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಫೋನು ಹಿಡಿದು ಯಾರಿಗೋ ಗಟ್ಟಿಯಾಗಿ, “ಇಲ್ರಿ, ಕೊಡಂಗಿಲ್ಲ. ರಿಜಿಸ್ಟರ್ ಕ್ಯಾನ್ಸಲ್. ಅಕಿ ಒಲ್ಲೆ ಅಂದ್ಲು,” ಎನ್ನುತ್ತಿದ್ದರು. ವಿರೂಪಾಕ್ಷಮ್ಮನಿಗೆ ಅದಾವುದೂ ಕೇಳುತ್ತಿದ್ದಂತಿರಲಿಲ್ಲ. ಬೆಳಗಿನ ಬೆಳಕು ನೀರಿನಿಂದ ಎದ್ದು ಅವರ ಮುಖದ ಮೇಲೆ ಆಡುತ್ತಿತ್ತು. ಬಾಯಿ ತುಸು ತೆರೆದಿತ್ತು.

ಗಾಳೇಶ ಗದ್ದೆಯತ್ತ ನೋಡಲೇ ಇಲ್ಲ. ಆಕೆಯ ಮುಖವನ್ನೇ ನೋಡುತ್ತಿದ್ದ.

“ಫೋನಿನ ಮುಖ ಯಾವಾಗಲೂ ಪರದಿ ಕಡೆ, ಅದರ ಬೆನ್ನು ನನ್ನ ಕಡೆ ಇರತಿತ್ರಿ. ಅವರ ದನಿ ಅಷ್ಟ ಕೇಳತಿತ್ತು,” ಎಂದ. “ನೋಡುವಾಗ ಅವರ ಮುಖ ಹೆಂಗ ಇರತಿತ್ತೋ ಅಂತ ದಿನಾ ಅಂದ್ಕೋತಿದ್ದೆ.”

ಮತ್ತೆ ಸ್ವಲ್ಪ ಹೊತ್ತಿಗೆ ತಾನೇ, “ಸಾಕ್ರಿ. ನಡೀರಿ,” ಎಂದ.

ಯಮನೂರ ಗಾಡಿ ಚಾಲೂ ಮಾಡಲಿಲ್ಲ. ರೇಣುಕಾದೇವಿಯವರೂ ಮಾಡು ಎನ್ನಲಿಲ್ಲ.